ಏಳು ನಿಮಿಷ ನಿಂತ ಯಂತ್ರ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಕೊಂಚ ಅನುಕೂಲವಾಗಿರುವ ಮೆಷಿನ್ ಶಾಪ್‌ಗಳಲ್ಲಿ ಈಗ ಗೋಡೆಯ ಮೇಲೊಂದು ದೊಡ್ಡ ಪರದೆ ತೂಗುಹಾಕಿರುವುದು ಅಪರೂಪವೇನಲ್ಲ. ಅದರಲ್ಲಿ ಒಂದೊಂದು ಯಂತ್ರಕ್ಕೂ ಒಂದೊಂದು ಚೌಕ. ಯಂತ್ರ ಓಡುತ್ತಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು, ಕೆಟ್ಟಿಲ್ಲದಿದ್ದರೂ ಓಡದೆ ನಿಂತಿದ್ದರೆ ಹಳದಿ. ಈ ಬಣ್ಣಗಳ ಹಿಂದಿರುವ ತಂತ್ರ ಸರಳವಾದದ್ದು. ಸ್ಪಿಂಡಲ್ ತಿರುಗಿಸುವ ಮೋಟರು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಒಂದು ಸೆನ್ಸರ್ ಅಳೆಯುತ್ತದೆ. ಅಳತೆ ಕೆಳಗಿಳಿದರೆ ಲೋಹ ಕತ್ತರಿಸುವ ಕೆಲಸ ನಿಂತಿದೆ ಎಂದು ಕಂಪ್ಯೂಟರು ಲೆಕ್ಕ ಬರೆದುಕೊಳ್ಳುತ್ತದೆ. ಒಂದು ಯಂತ್ರ ಏಳು ನಿಮಿಷ ಹಳದಿಯಾಯಿತು ಅಂದುಕೊಳ್ಳಿ. ಆಪರೇಟರ್ ಸವೆದ ಇನ್ಸರ್ಟ್ ಬದಲಾಯಿಸುತ್ತಿದ್ದಿರಬಹುದು. ಜಾಬಿನ ಅಳತೆಯ ಮೇಲೆ ಅನುಮಾನ ಬಂದು ಮೈಕ್ರೊಮೀಟರ್ ಹಿಡಿದು ಮತ್ತೊಮ್ಮೆ ನೋಡುತ್ತಿದ್ದಿರಬಹುದು. ಕಚ್ಚಾ ಮಾಲು ಬಂದಿರಲಿಕ್ಕಿಲ್ಲ, ಕ್ರೇನ್ ಬೇರೆ ಕಡೆ ಸಿಕ್ಕಿಹಾಕಿಕೊಂಡಿರಬಹುದು, ಅಥವಾ ಆತ ಶೌಚಾಲಯಕ್ಕೆ ಹೋಗಿರಬಹುದು. ಸೆನ್ಸರಿಗೆ ಇವೆಲ್ಲ ಒಂದೇ. ನಿಂತ ಕಾರಣಗಳ ಪಟ್ಟಿಯೊಂದು ಪಕ್ಕದ ಚಿಕ್ಕ ಪರದೆಯಲ್ಲಿ ಮೂಡುತ್ತದೆ, ಆಪರೇಟರ್ ಅದರಲ್ಲೊಂದನ್ನು ಒತ್ತಬೇಕು. ಆ ಪಟ್ಟಿಯಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸಿದವರು ಯಾರು? ಸಂಜೆ ಆ ಏಳು ನಿಮಿಷವನ್ನು ಯಂತ್ರದ ಖಾತೆಗೆ ಬರೆಯುತ್ತಾರೋ, ಮನುಷ್ಯನ ಖಾತೆಗೋ? ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್ ಸಮಾಜದ ಮೇಲೆ ಬೀರುವ ಪರಿಣಾಮ ಎಂದು ಭಾಷಣಗಳಲ್ಲಿ ಹೇಳುವ ದೊಡ್ಡ ಸಂಗತಿ ಮೊದಲು ಮುಖ ತೋರಿಸುವುದು ಈ ಪುಟ್ಟ ಪಟ್ಟಿಯಲ್ಲಿ.

ಯಂತ್ರಗಳಿಗೆ ಸೆನ್ಸರ್ ಕಟ್ಟಿ, ಅವುಗಳನ್ನು ಜಾಲಕ್ಕೆ ಸೇರಿಸಿ, ಬರುವ ಅಂಕಿಅಂಶದ ಮೇಲೆ ಕಾರ್ಖಾನೆ ನಡೆಸುವ ಈ ಪದ್ಧತಿಗೆ 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ 'ಇಂಡಸ್ಟ್ರಿ 4.0' ಎಂಬ ಹೆಸರು ಚಾಲ್ತಿಗೆ ಬಂತು. ಬೇರಿಂಗ್‌ನ ಕಂಪನ ನೋಡಿ ಅದು ಕೆಡುವ ಮೊದಲೇ ಎಚ್ಚರಿಸುವುದು, ಕ್ಯಾಮೆರಾ ಹಿಡಿದು ದೋಷದ ಪೀಸುಗಳನ್ನು ಬೇರ್ಪಡಿಸುವುದು, ಯಂತ್ರದ ತದ್ರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಿ ಮೊದಲು ಅಲ್ಲಿ ಓಡಿಸಿ ನೋಡುವುದು ಎಲ್ಲವೂ ಇದರ ಅಂಗಗಳು. ಕರ್ನಾಟಕ ಇದನ್ನು ಕಲಿಸಲು ಸಣ್ಣ ಹೆಜ್ಜೆಯನ್ನೇನೂ ಇಟ್ಟಿಲ್ಲ. 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಮತ್ತಿತರ ಉದ್ಯಮಗಳ ಜೊತೆ ಸೇರಿ 4,600 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿಸಲಾಯಿತು. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಪ್ರಧಾನಿ ಅವನ್ನು ತಂತ್ರಜ್ಞಾನ ಕೇಂದ್ರಗಳೆಂದು ಲೋಕಾರ್ಪಣೆ ಮಾಡಿದರು. ಫಿಟ್ಟರ್, ಟರ್ನರ್, ವೆಲ್ಡರ್ ಕೋರ್ಸುಗಳ ಪಕ್ಕದಲ್ಲಿ ಈಗ ಇಂಡಸ್ಟ್ರಿಯಲ್ ರೊಬಾಟಿಕ್ಸ್, ಅಡ್ವಾನ್ಸ್ಡ್ ಸಿಎನ್‌ಸಿ, ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್ ಕೋರ್ಸುಗಳಿವೆ. ತಾಲ್ಲೂಕು ಕೇಂದ್ರದ ಹುಡುಗಿಯೊಬ್ಬಳಿಗೆ ರೋಬೊ ತೋಳನ್ನು ಮುಟ್ಟಿ ನಡೆಸುವ ಅವಕಾಶ ಸಿಕ್ಕಿದ್ದು ದೊಡ್ಡ ವಿಷಯವೇ. ಅದನ್ನು ಹಗುರ ಮಾಡಿ ಮಾತಾಡುವುದು ಈ ಬರಹದ ಉದ್ದೇಶವಲ್ಲ.

ತಕರಾರು ಇರುವುದು ಬೇರೆ ಕಡೆ. ಇಂಥ ಕೋರ್ಸುಗಳಲ್ಲಿ 'ಸಮಾಜದ ಮೇಲಿನ ಪರಿಣಾಮ' ಎಂಬುದು ಸಾಮಾನ್ಯವಾಗಿ ಕೊನೆಯ ಅಧ್ಯಾಯದ ಎರಡು ಪುಟಕ್ಕೆ ಸೀಮಿತ. ಅನುಕೂಲಗಳು ಐದು, ಅನನುಕೂಲಗಳು ನಾಲ್ಕು, ಪರೀಕ್ಷೆಗೆ ಐದು ಅಂಕ. ಇಲ್ಲವೇ ಮೌಲ್ಯಶಿಕ್ಷಣದ ತರಗತಿಗೆ ಅದನ್ನು ತಳ್ಳಿಬಿಡುತ್ತೇವೆ. ಯಂತ್ರವನ್ನು ಕಲಿಸುವವರೊಬ್ಬರು, ಯಂತ್ರದಿಂದ ಮನುಷ್ಯರಿಗೇನಾಗುತ್ತದೆ ಎಂದು ಕಲಿಸುವವರು ಇನ್ನೊಬ್ಬರು. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಮೇಲಿನ ಏಳು ನಿಮಿಷದ ಲೆಕ್ಕವನ್ನೇ ತೆಗೆದುಕೊಳ್ಳಿ. ಕಾರಣಗಳ ಪಟ್ಟಿಯನ್ನು ಸರಿಯಾಗಿ ಮಾಡುವುದು ತಾಂತ್ರಿಕ ಕೆಲಸ, ಏಕೆಂದರೆ ಅದು ಸರಿಯಿಲ್ಲದಿದ್ದರೆ ಮುಂದಿನ ವಿಶ್ಲೇಷಣೆಯೆಲ್ಲ ನೀರಿನ ಮೇಲಿನ ಬರಹ. ಅದೇ ಕೆಲಸ ನ್ಯಾಯದ ಪ್ರಶ್ನೆಯೂ ಹೌದು, ಏಕೆಂದರೆ ಅದರ ಮೇಲೆ ಒಬ್ಬನ ಇನ್ಸೆಂಟಿವ್ ನಿಂತಿರಬಹುದು. ಒಂದೇ ಪಟ್ಟಿ, ಒಂದೇ ಪಾಠ. ಅದನ್ನು ಎರಡು ಕೋಣೆಗಳಲ್ಲಿ ಎರಡು ಪಾಠವಾಗಿ ಕಲಿಸಿದರೆ ವಿದ್ಯಾರ್ಥಿಗೆ ಎರಡೂ ಅರ್ಧರ್ಧ ಸಿಗುತ್ತವೆ.

ಇದಕ್ಕೆ ಬಲವಾದ ಸಾಕ್ಷ್ಯ ಐಟಿಐನ ಯಂತ್ರಾಗಾರದಲ್ಲೇ ನಿಂತಿದೆ. ಸಿಎನ್‌ಸಿ ಯಂತ್ರದ ಹುಟ್ಟಿನ ಕತೆಯನ್ನು ನಮ್ಮ ಪಠ್ಯಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಅಮೆರಿಕದ ಮಿಷಿಗನ್‌ನ ಜಾನ್ ಪಾರ್ಸನ್ಸ್ ಹೆಲಿಕಾಪ್ಟರ್ ರೆಕ್ಕೆಗಳ ಆಕಾರವನ್ನು ನಿಖರವಾಗಿ ಕೊರೆಯಲು ಅಂಕಿಗಳ ಮೂಲಕ ಯಂತ್ರ ನಡೆಸುವ ಉಪಾಯ ಹುಡುಕಿದ. ಅಮೆರಿಕದ ವಾಯುಪಡೆ ಹಣ ಕೊಟ್ಟಿತು. ಎಂಐಟಿಯ ಪ್ರಯೋಗಾಲಯ 1952ರಲ್ಲಿ ಅಂಥ ಮಿಲ್ಲಿಂಗ್ ಯಂತ್ರವನ್ನು ಓಡಿಸಿ ತೋರಿಸಿತು. ರಂಧ್ರ ಕೊರೆದ ಪಟ್ಟಿಯಲ್ಲಿ ಅಂಕಿಗಳಿದ್ದವು, ಯಂತ್ರ ಅವನ್ನು ಓದಿ ಚಲಿಸುತ್ತಿತ್ತು. ಇಷ್ಟು ಎಲ್ಲರಿಗೂ ಗೊತ್ತಿರುವ ಕತೆ. ಗೊತ್ತಿಲ್ಲದ ಇನ್ನರ್ಧವನ್ನು ಇತಿಹಾಸಕಾರ ಡೇವಿಡ್ ನೋಬಲ್ 1984ರಲ್ಲಿ 'ಫೋರ್ಸಸ್ ಆಫ್ ಪ್ರೊಡಕ್ಷನ್' ಎಂಬ ಪುಸ್ತಕದಲ್ಲಿ ವಿಸ್ತಾರವಾಗಿ ಬರೆದ. ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಜನರಲ್ ಎಲೆಕ್ಟ್ರಿಕ್ ಮುಂತಾದ ಕಡೆ ಅದರ ಪ್ರಯೋಗ ನಡೆದಿತ್ತು. ಪಳಗಿದ ಕೆಲಸಗಾರ ಮೊದಲ ಜಾಬನ್ನು ತನ್ನ ಕೈಯಿಂದ ಮಾಡುತ್ತಾನೆ, ಅವನ ಕೈ ನಡೆಸಿದ ಯಂತ್ರದ ಚಲನೆಗಳೆಲ್ಲ ಟೇಪಿನಲ್ಲಿ ದಾಖಲಾಗುತ್ತವೆ, ಮುಂದಿನ ಜಾಬುಗಳನ್ನು ಯಂತ್ರ ಆ ಟೇಪು ಹಾಕಿಕೊಂಡು ತಾನೇ ಮಾಡುತ್ತದೆ. ಹಾಡುಗಾರನ ದನಿಯನ್ನು ಮುದ್ರಿಸಿಕೊಂಡು ಮತ್ತೆ ಕೇಳಿಸಿದ ಹಾಗೆ. ಈ ದಾರಿಯಲ್ಲಿ ಜ್ಞಾನದ ಮೂಲ ಯಂತ್ರದ ಬಳಿ ನಿಂತವನೇ ಆಗಿರುತ್ತಾನೆ. ಅಂಕಿಗಳ ದಾರಿಯಲ್ಲಾದರೆ ನಕ್ಷೆ ನೋಡಿ ಪ್ರೋಗ್ರಾಂ ಬರೆಯುವ ಕೆಲಸ ಮೇಲಿನ ಆಫೀಸಿಗೆ ಹೋಗುತ್ತದೆ, ಕೆಳಗಿರುವವನು ಗುಂಡಿ ಒತ್ತುವವನಾಗುತ್ತಾನೆ. ಅಂಕಿಗಳ ದಾರಿ ಗೆದ್ದದ್ದಕ್ಕೆ ತಾಂತ್ರಿಕ ಶ್ರೇಷ್ಠತೆಯೊಂದೇ ಕಾರಣವಲ್ಲ, ಕೆಲಸದ ಹಿಡಿತ ಆಡಳಿತದ ಕೈಗೆ ಬರಬೇಕೆಂಬ ಬಯಕೆಯೂ ಕಾರಣ ಎಂಬುದು ನೋಬಲ್‌ನ ವಾದ.

ಈ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ವಿಮಾನದ ರೆಕ್ಕೆಯಂಥ ಬಳುಕಿನ ಆಕಾರಗಳನ್ನು ಎಷ್ಟೇ ಪಳಗಿದ ಕೈಯೂ ಮೊದಲ ಸಲಕ್ಕೆ ಕೊರೆಯಲಾರದು. ಕೈಯೇ ಮಾಡಲಾಗದ್ದನ್ನು ಟೇಪು ಎಲ್ಲಿಂದ ಕಲಿಯಬೇಕು? ವಾಯುಪಡೆಗೆ ಬೇಕಾಗಿದ್ದದ್ದು ಅಂಥದ್ದೇ. ಹಾಗಾಗಿ ಅಂಕಿಗಳ ದಾರಿಗೆ ನಿಜವಾದ ತಾಂತ್ರಿಕ ಬಲವಿತ್ತು. ಆದರೆ ಸಾಮಾನ್ಯ ಮೆಷಿನ್ ಶಾಪಿನ ಶಾಫ್ಟು, ಫ್ಲಾಂಜುಗಳಿಗೂ ಅದೊಂದೇ ದಾರಿ ಉಳಿದದ್ದು ಯಾಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ವಿದ್ಯಾರ್ಥಿಗೆ ಬೇಕಿರುವುದು ಈ ಪ್ರಶ್ನೆ. ಒಂದು ಯಂತ್ರ ಇವತ್ತಿನ ರೂಪಕ್ಕೆ ಬಂದದ್ದು ಮಳೆ ಬಂದ ಹಾಗಲ್ಲ, ಯಾರೋ ಹಣ ಕೊಟ್ಟು, ಯಾರೋ ಆರಿಸಿ, ಇನ್ನೊಂದನ್ನು ಪಕ್ಕಕ್ಕಿಟ್ಟು ಬಂದದ್ದು ಎಂದು ತಿಳಿದವನು ಯಂತ್ರವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಪಕ್ಕಕ್ಕಿಟ್ಟ ಆ ಉಪಾಯ ಅರ್ಧ ಶತಮಾನ ಕಳೆದು ಬೇರೆ ವೇಷದಲ್ಲಿ ಹಿಂತಿರುಗಿರುವುದು ಇನ್ನೂ ಸ್ವಾರಸ್ಯದ ಸಂಗತಿ. ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವ 'ಕೋಬಾಟ್' ಎಂಬ ಹಗುರ ರೋಬೊಗಳನ್ನು ಡೆನ್ಮಾರ್ಕಿನ ಯೂನಿವರ್ಸಲ್ ರೋಬಾಟ್ಸ್ 2008ರಲ್ಲಿ ಮಾರಲಾರಂಭಿಸಿತು. ಅದರ ತೋಳನ್ನು ಕೈಯಲ್ಲಿ ಹಿಡಿದು ಬೇಕಾದ ಜಾಗಗಳಿಗೆ ಒಯ್ದು ತೋರಿಸಿದರೆ ಸಾಕು, ಅದು ನೆನಪಿಟ್ಟುಕೊಂಡು ಮಾಡುತ್ತದೆ. ಕೈ ಕಲಿಸುತ್ತದೆ, ಯಂತ್ರ ಕಲಿಯುತ್ತದೆ. ಆಪರೇಟರೇ ರೋಬೊಗೆ ಮೇಷ್ಟ್ರಾಗಬಲ್ಲ. ಅಥವಾ ಅವನ ಕೈಚಳಕವನ್ನೆಲ್ಲ ಒಂದು ಫೈಲಿಗೆ ಇಳಿಸಿಕೊಂಡು ಅವನನ್ನು ಮನೆಗೆ ಕಳಿಸಲೂಬಹುದು. ಎರಡರಲ್ಲಿ ಯಾವುದಾಗುತ್ತದೆ ಎಂಬುದು ಆ ತೋಳಿನ ಒಳಗಿಲ್ಲ.

ಕೆಲಸ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಈಗ ಬರೋಣ, ಯಾಕೆಂದರೆ ವಿದ್ಯಾರ್ಥಿಗಳ ಅಪ್ಪಅಮ್ಮಂದಿರು ಮೊದಲು ಕೇಳುವುದು ಅದನ್ನೇ. 2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬೋರ್ನ್ ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಾಂತ್ರೀಕರಣದ ಹೆಚ್ಚಿನ ಅಪಾಯದಲ್ಲಿವೆ ಎಂದರು. ಪತ್ರಿಕೆಗಳ ಮುಖಪುಟಗಳಿಗೆ ಅದು ಹಬ್ಬ. ಮೂರೇ ವರ್ಷದಲ್ಲಿ ಒಇಸಿಡಿಯ ಅಧ್ಯಯನವೊಂದು ತನ್ನ 21 ಸದಸ್ಯ ರಾಷ್ಟ್ರಗಳ ಸರಾಸರಿ ಶೇ 9 ಎಂದಿತು. ಇಬ್ಬರೂ ಸುಳ್ಳು ಹೇಳಲಿಲ್ಲ. ಮೊದಲನೆಯವರು ಇಡೀ ಉದ್ಯೋಗವನ್ನೇ ಒಂದು ಘಟಕವಾಗಿ ತೆಗೆದುಕೊಂಡರು, ಎರಡನೆಯವರು ಒಂದು ಉದ್ಯೋಗದೊಳಗಿನ ಬೇರೆಬೇರೆ ಕೆಲಸಗಳನ್ನು ಬಿಡಿಸಿ ನೋಡಿದರು. ಟರ್ನರ್ ಎಂಬ ಹೆಸರಿನಡಿ ಜಾಬ್ ಕಟ್ಟುವುದಿದೆ, ಟೂಲ್ ಮಸೆಯುವುದಿದೆ, ಅಳೆಯುವುದಿದೆ, ಯಂತ್ರದ ಸದ್ದು ಬದಲಾದರೆ ಕಿವಿಗೊಡುವುದಿದೆ, ಹೊಸಬನಿಗೆ ಹೇಳಿಕೊಡುವುದಿದೆ. ಅವುಗಳಲ್ಲಿ ಕೆಲವು ಯಂತ್ರಕ್ಕೆ ಹೋಗುತ್ತವೆ, ಕೆಲವು ಹೋಗುವುದಿಲ್ಲ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಬಿಡಿಸಿ ಹೇಳುವುದೇ ಒಂದು ಒಳ್ಳೆಯ ತರಗತಿ. ತನ್ನ ಟ್ರೇಡಿನ ಕೆಲಸಗಳನ್ನು ಹೀಗೆ ಬಿಡಿಸಿ ಬರೆದು, ಯಾವುದನ್ನು ಲ್ಯಾಬಿನ ರೋಬೊ ಮಾಡಬಲ್ಲದು ಎಂದು ವಿದ್ಯಾರ್ಥಿ ಪರೀಕ್ಷಿಸಿ ನೋಡಿದರೆ, ಹೆದರಿಕೆ ಮತ್ತು ಹುಮ್ಮಸ್ಸು ಎರಡೂ ಅಳತೆಗೆ ಸಿಗುತ್ತವೆ. ಹಾಗೆಂದು ಎಲ್ಲವೂ ಸರಿಹೋಗುತ್ತದೆ ಎಂದು ಬೆನ್ನು ತಟ್ಟುವುದೂ ಬೇಡ. ಅರ್ಥಶಾಸ್ತ್ರಜ್ಞರಾದ ಅಸೆಮೊಗ್ಲು ಮತ್ತು ರೆಸ್ಟ್ರೆಪೊ ಅಮೆರಿಕದ 1990ರಿಂದ 2007ರವರೆಗಿನ ಲೆಕ್ಕ ತೆಗೆದು, ಸಾವಿರ ಕೆಲಸಗಾರರಿಗೆ ಒಂದು ರೋಬೊ ಹೆಚ್ಚಾದರೆ ಕೂಲಿ ಶೇ 0.42ರಷ್ಟು ಇಳಿಯುತ್ತದೆ, ಉದ್ಯೋಗದಲ್ಲಿರುವವರ ಪ್ರಮಾಣವೂ ತಗ್ಗುತ್ತದೆ ಎಂದು ತೋರಿಸಿದ್ದಾರೆ. ನಷ್ಟ ನಿಜ. ಅದು ರೋಬೊಗಳು ಗುಂಪಾಗಿ ಬಂದಿಳಿದ ಊರುಗಳ ತಲೆಯ ಮೇಲೆ ಹೆಚ್ಚು ಬೀಳುತ್ತದೆ ಎಂಬುದೂ ನಿಜ.

ಇದರ ಎದುರಿಗೆ ಇಡಬೇಕಾದ ಪ್ರಸಂಗ ಅಡಿಡಾಸ್‌ನದು. ಶೂ ತಯಾರಿಕೆಯನ್ನು ಏಷ್ಯಾದಿಂದ ಮರಳಿ ತರುತ್ತೇವೆಂದು ಆ ಕಂಪನಿ ಜರ್ಮನಿಯ ಆನ್ಸ್‌ಬಾಕ್‌ನಲ್ಲೂ ಆಮೇಲೆ ಅಮೆರಿಕದ ಅಟ್ಲಾಂಟಾದಲ್ಲೂ 'ಸ್ಪೀಡ್‌ಫ್ಯಾಕ್ಟರಿ' ಎಂಬ ರೋಬೊ ಕಾರ್ಖಾನೆಗಳನ್ನು ತೆರೆಯಿತು. ಏಷ್ಯಾದ ಹೊಲಿಗೆ ಕೆಲಸಗಾರರ ಕತೆ ಮುಗಿಯಿತು ಎಂದು ಎಷ್ಟೋ ಲೇಖನಗಳು ಬಂದವು. 2019ರ ನವೆಂಬರಿನಲ್ಲಿ ಕಂಪನಿಯೇ ಅವೆರಡನ್ನೂ ಮುಚ್ಚುವುದಾಗಿ ಹೇಳಿ, ಅಲ್ಲಿನ ತಂತ್ರಜ್ಞಾನವನ್ನು ಏಷ್ಯಾದ ಸರಬರಾಜುದಾರರ ಕಡೆಗೆ ಸಾಗಿಸಿತು. ಬಟ್ಟೆಯಂಥ ಮೆತ್ತನೆಯ, ಜೋಲುವ ವಸ್ತುವನ್ನು ಹಿಡಿಯುವುದು ರೋಬೊಗೆ ಇಂದಿಗೂ ಕಷ್ಟ. ಬೆಂಗಳೂರು, ರಾಮನಗರ, ಮಂಡ್ಯದ ಗಾರ್ಮೆಂಟ್ ಕಾರ್ಖಾನೆಗಳಿಗೆ ದಿನವೂ ಹೋಗಿಬರುವ ಹೆಣ್ಣುಮಕ್ಕಳ ಬದುಕಿಗೆ ಈ ತಾಂತ್ರಿಕ ತೊಡಕಿನೊಂದಿಗೆ ನೇರ ನಂಟಿದೆ. ರೋಬೊದ ಹಿಡಿತುದಿಯನ್ನು ವಿನ್ಯಾಸ ಮಾಡುವುದನ್ನು ಕಲಿಸುವಾಗ ಈ ಮಾತನ್ನು ಹೇಳಬೇಕೇ ಹೊರತು ಇನ್ಯಾವಾಗ ಹೇಳಬೇಕು? ನಮ್ಮಲ್ಲೇ ಇರುವ ಎಚ್‌ಎಂಟಿ ಉದಾಹರಣೆಯೂ ಪಾಠವಾಗಬಲ್ಲದು. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಗಡಿಯಾರದ ಕೆಲಸ, ಕ್ವಾರ್ಟ್ಜ್ ತಂತ್ರದ ಬಿರುಸಿಗೆ, ಪೈಪೋಟಿಗೆ, ಆಡಳಿತದ ತಡಬಡಕ್ಕೆ ಸಿಕ್ಕಿ ಕ್ಷೀಣಿಸಿತು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರ ಘಟಕವನ್ನು ಮುಚ್ಚಲು ತೀರ್ಮಾನಿಸಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಅಲ್ಲಿನ ಕೈಗಳನ್ನು ಕೆಲಸದಿಂದ ಇಳಿಸಿದ್ದು ರೋಬೊ ಅಲ್ಲ ಎಂಬುದನ್ನು ಗಮನಿಸಬೇಕು.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎಂಬ ಆಕ್ಷೇಪ ಸಹಜವಾದದ್ದು. ಐಟಿಐಗೆ ಬರುವವರು ಬಹುಪಾಲು ಕೂಲಿಕಾರರ, ಸಣ್ಣ ರೈತರ ಮಕ್ಕಳು. ಅವರಿಗೆ ಬೇಕಾದದ್ದು ಆದಷ್ಟು ಬೇಗ ಒಂದು ಕೆಲಸ. ತತ್ವ ಬೋಧಿಸಿ ಅವರ ತಲೆ ತುಂಬಬೇಡಿ ಎನ್ನುವವರ ಕಾಳಜಿ ಸುಳ್ಳಲ್ಲ. ಆದರೆ ನಾನು ಕೇಳುತ್ತಿರುವುದು ಹೊಸ ವಿಷಯವನ್ನಲ್ಲ. 2022ರಲ್ಲಿ ಪರಿಷ್ಕೃತವಾದ ಐಟಿಐ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆ, ಅದರಲ್ಲಿ 840 ಗಂಟೆ ಕೈಕೆಲಸ. ಆ 840ರೊಳಗೇ, ಸೆನ್ಸರ್ ಜೋಡಿಸುವ ಅಭ್ಯಾಸದೊಳಗೇ ಈ ಪ್ರಶ್ನೆಗಳು ಬರಬೇಕು. ಇನ್ನೂ ಒಂದು ಮಾತಿದೆ. ಈಗ ಲ್ಯಾಬಿನಲ್ಲಿರುವ ಸಾಫ್ಟ್‌ವೇರಿನ ಆವೃತ್ತಿ ಈ ಹುಡುಗರಿಗೆ ಮೂವತ್ತು ತುಂಬುವಷ್ಟರಲ್ಲಿ ಹಳತಾಗಿರುತ್ತದೆ. ಗುಂಡಿ ಎಲ್ಲಿದೆ ಎಂದು ಕಲಿತದ್ದು ಅದರೊಂದಿಗೇ ಹೋಗುತ್ತದೆ. ಯಂತ್ರ ಏನನ್ನು ಅಳೆಯುತ್ತಿದೆ, ಏನನ್ನು ಅಳೆಯುತ್ತಿಲ್ಲ ಎಂದು ಕೇಳುವ ಅಭ್ಯಾಸ ಮಾತ್ರ ಜೊತೆಗುಳಿಯುತ್ತದೆ. 2019ರ ಮಾರ್ಚ್ 19ರಂದು ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋದ ಕಂಪ್ಯೂಟರುಗಳಿಗೆ ರಾನ್ಸಮ್‌ವೇರ್ ನುಗ್ಗಿತು. ನಲವತ್ತು ದೇಶಗಳಲ್ಲಿ ಸುಮಾರು 35,000 ನೌಕರರಿದ್ದ ಸಂಸ್ಥೆ ಅದು. ಸುಲಿಗೆಕೋರರಿಗೆ ಹಣ ಕೊಡಲು ಒಪ್ಪದೆ ಹಲವು ಘಟಕಗಳನ್ನು ಕೈಯಿಂದಲೇ, ಕಾಗದ ನೋಡಿಕೊಂಡು ನಡೆಸಿದರು. ಪರದೆ ಕಪ್ಪಾದ ದಿನ ನಡೆಸಬಲ್ಲವರು ಪರದೆಯ ಹಿಂದಿನ ಕೆಲಸ ಗೊತ್ತಿದ್ದವರು.

ಎರಡನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಹೀಗೆಲ್ಲ ಕಲಿಸಿದರೆ ಹುಡುಗರು ಕಾರ್ಖಾನೆಗೆ ಹೋಗಿ ಪ್ರಶ್ನೆ ಕೇಳಲು ನಿಲ್ಲುತ್ತಾರೆ, ಗಲಾಟೆಯಾಗುತ್ತದೆ. ಗಲಾಟೆ ಆಗುವುದು ಪ್ರಶ್ನೆ ಕೇಳಲು ದಾರಿಯಿಲ್ಲದ ಕಡೆ ಎಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರ ಸಾಕ್ಷಿ. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಐಫೋನ್ ಜೋಡಿಸುವ ಜಾಗದಲ್ಲಿ, ಸಂಬಳದ ವಿಷಯಕ್ಕೆ ಕೆಲಸಗಾರರು ಸಿಡಿದೆದ್ದು ಧ್ವಂಸಕ್ಕಿಳಿದರು. ಧ್ವಂಸವನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಆಮೇಲೆ ತನಿಖೆ ಮಾಡಿದ ಆಪಲ್ ಸಂಸ್ಥೆಯೇ, ಕೆಲಸದ ಗಂಟೆಗಳನ್ನು ಸರಿಯಾಗಿ ನಿರ್ವಹಿಸುವ ವ್ಯವಸ್ಥೆ ಅಲ್ಲಿರಲಿಲ್ಲ, ಅದರಿಂದ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಕೆಲವರಿಗೆ ಸಂಬಳ ತಡವಾಯಿತು ಎಂದು ಹೇಳಿತು. ಜಗತ್ತಿನ ಅತಿ ನಯವಾದ ಫೋನನ್ನು ಜೋಡಿಸುವ ಕಡೆ ಎಡವಿದ್ದು ಗಂಟೆಗಳ ಲೆಕ್ಕದಲ್ಲಿ. ದತ್ತಾಂಶ ಎಂದರೆ ಸ್ಪಿಂಡಲ್‌ನ ಕಂಪನವೊಂದೇ ಅಲ್ಲ, ಹಾಜರಿಯೂ ಓಟಿಯೂ ದತ್ತಾಂಶವೇ. ಮಾಲೀಕರ ಸ್ವಾರ್ಥದಿಂದ ನೋಡಿದರೂ ನನ್ನ ವಾದ ನಿಲ್ಲುತ್ತದೆ. ಏಳು ನಿಮಿಷಕ್ಕೆ ದಂಡ ಬೀಳುತ್ತದೆಂದು ಗೊತ್ತಾದ ಆಪರೇಟರ್ ಯಾವ ಕಾರಣ ಒತ್ತಿದರೆ ತನಗೆ ಅಪಾಯವಿಲ್ಲವೋ ಅದನ್ನೇ ಒತ್ತುತ್ತಾನೆ. ಅಂಥ ಅಂಕಿಗಳ ಮೇಲೆ ಎಂಥ ಕೃತಕ ಬುದ್ಧಿಮತ್ತೆಯನ್ನು ಕೂರಿಸಿದರೂ ಅದು ಕಲಿಯುವುದು ಸುಳ್ಳನ್ನು.

ಜರ್ಮನಿ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಕೆಲಸಗಾರರ ನಡವಳಿಕೆಯನ್ನೋ ಸಾಮರ್ಥ್ಯವನ್ನೋ ಗಮನಿಸಬಲ್ಲ ಯಾವುದೇ ತಾಂತ್ರಿಕ ಸಾಧನ ತರುವಾಗ ನೌಕರರ ಮಂಡಳಿಯ ಜೊತೆ ಸೇರಿಯೇ ತೀರ್ಮಾನಿಸಬೇಕೆಂದು ಅಲ್ಲಿನ ಕಾನೂನು 1972ರಿಂದಲೂ ಹೇಳುತ್ತದೆ. 2018ರ ಆಗಸ್ಟಿನಿಂದ ಲೋಹ ಮತ್ತು ವಿದ್ಯುತ್ ಟ್ರೇಡುಗಳ ತರಬೇತಿಯೊಳಗೇ ಡಿಜಿಟಲೀಕರಣ, ದತ್ತಾಂಶ ರಕ್ಷಣೆ, ಮಾಹಿತಿ ಭದ್ರತೆಗಳನ್ನು ಕಡ್ಡಾಯ ಅಂಗವಾಗಿ ಸೇರಿಸಿದರು. ಫಿಟ್ಟರ್ ಆಗುವವನೂ ಅದನ್ನು ಕಲಿಯಬೇಕು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಗಳಿಗೆ ನೌಕರರ ಒಪ್ಪಿಗೆ ಪಡೆಯದೆಯೂ ಅವರ ಮಾಹಿತಿ ಬಳಸಲು ಅವಕಾಶ ಕೊಟ್ಟಿದೆ. ಇದು ಸರಿಯೋ ತಪ್ಪೋ ಎಂದು ಐಟಿಐಗಳಲ್ಲಿ ಕಲಿಸುವ ಕಿರಿಯ ತರಬೇತಿ ಅಧಿಕಾರಿಗಳು ತೀರ್ಪು ಕೊಡಬೇಕಾಗಿಲ್ಲ. ಹೀಗೊಂದು ಸೆಕ್ಷನ್ ಇದೆ ಎಂದಾದರೂ ಸೆನ್ಸರ್ ಜೋಡಿಸುವವನಿಗೆ ಗೊತ್ತಿರಬೇಡವೇ?

ನನಗೆ ಪೂರ್ತಿ ಉತ್ತರ ಹೊಳೆಯದ ಆಕ್ಷೇಪ ಕಲಿಸುವವರದು. ಲೇತಿನ ಮೇಲೆ ಪಳಗಿದ ಕಿರಿಯ ತರಬೇತಿ ಅಧಿಕಾರಿಗೆ ಮೊದಲೇ ರೋಬೊ ಹೊಸತು. ಅವರಿಗೆ ತರಬೇತಿ ಬರುವುದು ಹೆಚ್ಚಾಗಿ ಯಂತ್ರ ಒದಗಿಸಿದ ಕಂಪನಿಗಳ ಕಡೆಯಿಂದ. ತನ್ನ ಡ್ಯಾಶ್‌ಬೋರ್ಡಿನ ಮೇಲೆ ಅನುಮಾನ ಪಡುವುದನ್ನು ಯಾವ ಕಂಪನಿ ಹೇಳಿಕೊಡುತ್ತದೆ? ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ, ಅದನ್ನು ನಾವು ಗಮನಿಸಿಯೇ ಇಲ್ಲ. ಪರದೆಯ ಮೇಲೆ ಬರುವ 'ಐಡಲ್' ಎಂಬ ಪದ ಯಂತ್ರಕ್ಕೆ ಹೇಳಿದರೆ 'ಓಡುತ್ತಿಲ್ಲ' ಎಂದಷ್ಟೇ ಅರ್ಥ, ಮನುಷ್ಯನಿಗೆ ಹೇಳಿದರೆ ಸೋಮಾರಿ. ಕನ್ನಡದಲ್ಲಿ 'ಯಂತ್ರ ನಿಂತಿದೆ' ಎಂಬುದೇ ಬೇರೆ, 'ಆಳು ಸುಮ್ಮನೆ ಕೂತಿದ್ದಾನೆ' ಎಂಬುದೇ ಬೇರೆ. ನಮ್ಮ ಮಾತು ಬೇರ್ಪಡಿಸಿ ಇಟ್ಟಿದ್ದನ್ನು ಹೊರಗಿಂದ ತಂದ ಪರದೆ ಒಂದೇ ಹಳದಿ ಚೌಕದಲ್ಲಿ ಬೆರೆಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗಳು ಆ ಕಾರಣಗಳ ಪಟ್ಟಿಯನ್ನು ತಮ್ಮ ಮಾತಿನಲ್ಲಿ ಬರೆಯಲು ಕುಳಿತರೆ ಅದು ಸಾಫ್ಟ್‌ವೇರಿನ ಜೊತೆ ಬಂದ ಪಟ್ಟಿಗಿಂತ ಉದ್ದವಾಗುತ್ತದೆ ಎಂದೇ ನನ್ನ ಊಹೆ.

ಈ ಊಹೆಯನ್ನು ಪರೀಕ್ಷಿಸಲು ಕೋಟಿಗಟ್ಟಲೆ ಬೆಲೆಯ ಲ್ಯಾಬು ಬೇಕಿಲ್ಲ. ಹಳೆಯ ಲೇತೊಂದರ ಮೋಟರ್ ತಂತಿಗೆ ಕೆಲವು ನೂರು ರೂಪಾಯಿಯ ಕರೆಂಟ್ ಸೆನ್ಸರ್ ಸಿಕ್ಕಿಸಬೇಕು. ಒಬ್ಬ ಜಾಬ್ ಮಾಡಲಿ, ಇನ್ನೊಬ್ಬ ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತು ಯಂತ್ರ ನಿಂತಾಗಲೆಲ್ಲ ಯಾಕೆ ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ, ಮೂರನೆಯವಳು ಯಂತ್ರದ ಕಡೆ ನೋಡದೆ ಸೆನ್ಸರಿನ ಲೆಕ್ಕವನ್ನಷ್ಟೇ ಓದಿ ಆಪರೇಟರಿಗೆ ಅಂಕ ಕೊಡಲಿ. ಮಧ್ಯಾಹ್ನ ಮೂವರೂ ಜಾಗ ಬದಲಾಯಿಸಿಕೊಳ್ಳಲಿ. ಸಂಜೆ ನೋಟ್‌ಬುಕ್ಕನ್ನೂ ಸೆನ್ಸರಿನ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು, ಎರಡೂ ಹೊಂದದ ಕಡೆಗಳಿಗೆ ಕೆಂಪು ಗೆರೆ ಎಳೆಯುವುದು ಆ ದಿನದ ಕೊನೆಯ ಕೆಲಸ.